ಹಾರೋಹಳ್ಳಿಯ ಒಂದೇ ಕೋಟು

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಬೆಳಗಿನ ಶಿಫ್ಟು ಶುರುವಾಗುವ ಹೊತ್ತಿಗೆ ಯಾವುದಾದರೂ ಕಾರ್ಖಾನೆ ಗೇಟಿನ ಬಳಿ ನಿಂತು, ಕೊರಳಲ್ಲಿ ನೇತಾಡುವ ಐಡಿ ಕಾರ್ಡುಗಳನ್ನು ನೋಡಿ. ಮೊನ್ನೆ ಐಟಿಐ ಮುಗಿಸಿದ ಹುಡುಗನಿಗೆ ಕಪ್ಪು ಕೋಟು. ಫೋರ್ಕ್‌ಲಿಫ್ಟ್ ಓಡಿಸುವವನಿಗೂ ಕಪ್ಪು ಕೋಟು. ಕ್ಯಾಂಟೀನಲ್ಲಿ ಸಾಂಬಾರು ಬಡಿಸುವವರಿಗೂ ಅದೇ. ಎಡಗಡೆ ಕಾಲರು ಚೂರು ಎದ್ದಿರುವುದು, ಕೆಂಪು ಟೈ ಗಂಟು ಬಲಕ್ಕೆ ವಾಲಿರುವುದು, ಅದೂ ಎಲ್ಲರದ್ದೂ ಒಂದೇ ಥರ. ಕನಕಪುರ ರಸ್ತೆಯ ಬಿಸಿಲಲ್ಲಿ ಕೋಟು ಹಾಕುವ ಪ್ರಾಣಿ ಅಂದರೆ ಮದುಮಗ ಒಬ್ಬನೇ, ಅವನೂ ರಿಸೆಪ್ಷನ್ ರಾತ್ರಿ ಮಾತ್ರ. ಹಾಗಾದರೆ ಇಷ್ಟು ಕೋಟು ಎಲ್ಲಿಂದ ಬಂತು?

ಇಷ್ಟಲ್ಲ ಸ್ವಾಮಿ, ಒಂದೇ. ಅದು ಒಂದು ಪುಟ್ಟ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಪಿಎನ್‌ಜಿ ಫೈಲಾಗಿ ಕೂತಿದೆ. ಒಗೆಯುವಂತಿಲ್ಲ, ಇಸ್ತ್ರಿ ಬೇಡ, ಮೂವತ್ತಾರರ ಎದೆಗೂ ನಲವತ್ತಾರರ ಹೊಟ್ಟೆಗೂ ಎಳೆದರೆ ಹಿಡಿಸುತ್ತದೆ. ಜೆಪೆಗ್ ಆಗಿದ್ದರೆ ಸುತ್ತ ಬಿಳಿ ಚೌಕ ಅಂಟಿಕೊಂಡೇ ಬರುತ್ತಿತ್ತು. ಪಿಎನ್‌ಜಿಯಲ್ಲಿ ಹಿನ್ನೆಲೆಯನ್ನು ಪಾರದರ್ಶಕವಾಗಿ ಇಡಬಹುದು, ಹಾಗಾಗಿ ಕೋಟು ಒಂದೇ ಬಂದು ಹೆಗಲ ಮೇಲೆ ಕೂರುತ್ತದೆ.

ನನಗೂ ಕಾರ್ಡು ಮಾಡಿಸಬೇಕಾಗಿ ಬಂತು, ಆ ಸ್ಟುಡಿಯೋಗೇ ಹೋದೆ. ಹುಡುಗ ಒಂದು ಸಲ ಕ್ಲಿಕ್ಕಿಸಿ ಕೇಳಿದ: “ಕೋಟು ಹಾಕ್ಲಾಣ್ಣ?”

“ಎಷ್ಟಪ್ಪಾ?”

“ಕೋಟಿಗೆ ದುಡ್ಡಿಲ್ಲ ಕಣಣ್ಣ. ಟೈ ಬಣ್ಣ ಬದಲಾಯ್ಸೋಕೆ ಹತ್ತು ರೂಪಾಯಿ.”

ಕೆಂಪೇ ಇರಲಿ ಅಂದೆ. ಜಿಪುಣತನ ಅನ್ನಬೇಡಿ, ಸರಳತೆ ಅನ್ನಿ.

ಯೂಟ್ಯೂಬಿನಲ್ಲಿ ನಾಲ್ಕು ವಿಡಿಯೋ ನೋಡಿದ ಧೈರ್ಯದಲ್ಲಿ ನಾನೂ ಪಕ್ಕದಲ್ಲಿ ಕೂತು ಸಲಹೆ ಕೊಡಲು ಶುರುಮಾಡಿದೆ. “ರಬ್ಬರ್ ತಗೊಂಡು ಆ ಟೀ ಶರ್ಟಿನ ಕುತ್ತಿಗೆ ಅಳಿಸ್ಬಿಡಪ್ಪ.” ಅವನು ಗೌಡರ ಮನೆ ಮದುವೆಯಲ್ಲಿ ಉಪ್ಪು ಕೇಳಿದವನನ್ನು ನೋಡುವ ಹಾಗೆ ನೋಡಿದ. “ಅಳಿಸಿದ್ರೆ ಹೋಯ್ತು ಕಣಣ್ಣ, ನಾಳೆ ಬೇಕು ಅಂದ್ರೆ ಎಲ್ಲಿಂದ ತರ್ಲಿ? ಮಾಸ್ಕ್ ಹಾಕ್ಬೇಕು.” ಕಂಟ್ರೋಲ್ ಜೆ ಒತ್ತಿ ನನ್ನ ಇನ್ನೊಂದು ಪ್ರತಿಯನ್ನು ಬೇರೆ ಲೇಯರಿನಲ್ಲಿ ಮಾಡಿಕೊಂಡ. ಮಾಸ್ಕಿನ ಮೇಲೆ ಕಪ್ಪು ಬಳಿದರೆ ಮರೆ, ಬಿಳಿ ಬಳಿದರೆ ಮತ್ತೆ ಹಾಜರು. ಫೋಟೋಶಾಪ್ 1990ರಲ್ಲೇ ಬಂದರೂ ಅದಕ್ಕೆ ಲೇಯರುಗಳು ಬಂದದ್ದು 1994ರ ಮೂರನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಅಂಟಿಸಿದ ಕೋಟು ಅಂಟಿದ್ದೇ ಆಗಿತ್ತು.

ಕುತ್ತಿಗೆ ಮತ್ತು ಕಾಲರು ಸೇರುವ ಜಾಗದಲ್ಲೇ ದರ್ಜಿಯ ಬಣ್ಣ ಬಯಲಾಗುವುದು. ಅಂಚನ್ನು ಒಂದೆರಡು ಪಿಕ್ಸೆಲ್ ಫೆದರ್ ಮಾಡಿದ. ಕಾಲರಿನ ಕೆಳಗೆ ತೆಳ್ಳಗೆ ನೆರಳು ಬಿಟ್ಟ. ಬೆಳಕು ನನ್ನ ಬಲಗೆನ್ನೆಗೆ ಬಿದ್ದಿತ್ತು, ಕೋಟಿಗೆ ಎಡದಿಂದ, ಫ್ಲಿಪ್ ಹೊಡೆದ. ಈಗ ಗುಂಡಿ ಹೆಂಗಸರ ಕಡೆಗೆ ಬಂತು. “ಯಾರೂ ನೋಡಲ್ಲ ಬಿಡಣ್ಣ” ಅಂದ. ನಾನು ಅವತ್ತಿಂದ ಎಲ್ಲರ ಗುಂಡಿ ನೋಡುತ್ತಿದ್ದೇನೆ.

ಮುಖಕ್ಕೆ ಬಂದಾಗ ಮಾತ್ರ ಜಗಳವಾಯಿತು. ಸುಕ್ಕು ತೆಗೆದ, ಮಚ್ಚೆ ತೆಗೆದ, ನನ್ನ ಅಜ್ಜನಿಂದ ಬಂದ ಬಣ್ಣವನ್ನೂ ತೆಗೆಯಹೊರಟ. ತಡೆದೆ. ಬಣ್ಣದ ವಿಷಯ ರಾಮನಗರದ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ದ್ವಿತಳಿ ಗೂಡು ಬಿಳಿ, ಮಿಶ್ರತಳಿ ಗೂಡು ಹಳದಿ. ವೈಟ್ ಬ್ಯಾಲೆನ್ಸ್ ಕೆಟ್ಟ ಫೋಟೋದಲ್ಲಿ ದ್ವಿತಳಿ ಹೋಗಿ ಮಿಶ್ರತಳಿಯಾಗುತ್ತದೆ. ರೈತ ನಿಮ್ಮನ್ನು ಸುಮ್ಮನೆ ಬಿಟ್ಟಾನೆಯೇ? ಕರ್ವ್ಸ್‌ನಲ್ಲಿ ನಡುವಿನ ಬೂದು ಡ್ರಾಪರ್ ತೆಗೆದು ಚಿತ್ರದಲ್ಲಿ ನಿಜಕ್ಕೂ ಬೂದು ಇರುವಲ್ಲಿ, ಸಿಮೆಂಟು ಗೋಡೆಯೋ ಶೆಡ್ಡಿನ ತಗಡೋ, ಒಂದು ಸಲ ಒತ್ತಿದರೆ ಬಹಳ ಮಟ್ಟಿಗೆ ದಾರಿಗೆ ಬರುತ್ತದೆ. ಕ್ಯಾಮೆರಾದಲ್ಲಿ ರಾ ಫೈಲ್ ಇಟ್ಟುಕೊಂಡವನಿಗೆ ಇನ್ನೂ ಸಲೀಸು.

ಅಷ್ಟರಲ್ಲಿ ಇಬ್ಬರು ಬಂದು ಹುಟ್ಟುಹಬ್ಬದ ಫ್ಲೆಕ್ಸ್ ಕೇಳಿದರು. ಹತ್ತಡಿ ಅಗಲ, ಎಂಟಡಿ ಎತ್ತರ, ನಾಯಕರ ಕೆಳಗೆ ಹದಿನೆಂಟು ಜನ ಶುಭ ಕೋರುವವರು. ಫೋಟೋಗಳೆಲ್ಲ ವಾಟ್ಸಾಪಿನಲ್ಲಿ ಕುಗ್ಗಿ ಬಂದವು. “ಮುನ್ನೂರು ಡಿಪಿಐ ಇಡಪ್ಪ” ಅಂದೆ ನಾನು, ಮತ್ತೆ. ಹುಡುಗ ಕ್ಯಾಲ್ಕುಲೇಟರ್ ತೋರಿಸಿದ: 36,000 ಗುಣಿಸು 28,800, ಅಂದರೆ 103 ಕೋಟಿಗೂ ಹೆಚ್ಚು ಚುಕ್ಕಿ. ಪಿಎಸ್‌ಡಿ ಫೈಲೇ ಒಂದು ಬದಿಗೆ 30,000 ದಾಟುವುದಿಲ್ಲ. ರಸ್ತೆಯಾಚೆಯಿಂದ ನೋಡುವ ಫ್ಲೆಕ್ಸಿಗೆ 72 ಸಾಕು, ಆರು ಕೋಟಿಯಲ್ಲಿ ಮುಗಿಯುತ್ತದೆ. ಮುನ್ನೂರು ಬೇಕಾದದ್ದು ಕೈಯಲ್ಲಿ ಹಿಡಿಯುವ ನನ್ನ ಫೋಟೋಗೆ: 35 ಮಿಲಿಮೀಟರಿಗೆ 45, ಅಂದರೆ 413 ಗುಣಿಸು 531 ಚುಕ್ಕಿ, ನಾಲ್ಕು ಗುಣಿಸು ಆರಿಂಚಿನ ಒಂದು ಹಾಳೆಗೆ ಎಂಟು ಮುಖ.

ಫ್ಲೆಕ್ಸಿನಲ್ಲಿ “ಹಾರ್ದಿಕ” ಒಡೆದು ಅರ್ಕಾವೊತ್ತು ಬೀದಿಗೆ ಬಿದ್ದಿತ್ತು. ಪ್ಯಾರಾಗ್ರಾಫ್ ಪ್ಯಾನೆಲ್ಲಿನಲ್ಲಿ ವರ್ಲ್ಡ್-ರೆಡಿ ಅನ್ನುವುದನ್ನು ಆರಿಸಿದ, ಕೂಡಿಕೊಂಡಿತು. ಇದೊಂದು ಗುಟ್ಟು ಗೊತ್ತಿಲ್ಲದೆ ಎಷ್ಟು ನಾಯಕರು ಮುರಿದ ಹಾರ್ದಿಕದಲ್ಲೇ ವರ್ಷ ದಾಟಿದ್ದಾರೋ. ಫಾಂಟಿಗಂತೂ ಈಗ ಬರವಿಲ್ಲ: ಬಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ಎಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಬಿಟ್ಟಿ. ಹವ್ಯಾಸಿಗಳಿಗೆ ಗಿಂಪ್ ಬಿಟ್ಟಿ, ಮೊಬೈಲಿನಲ್ಲಿ ಸ್ನ್ಯಾಪ್‌ಸೀಡ್ ಬಿಟ್ಟಿ. ಬ್ರೌಸರಿನಲ್ಲೇ ಪಿಎಸ್‌ಡಿ ತೆರೆಯುವ ಫೋಟೋಪಿಯಾ ಜಾಹೀರಾತು ಸಹಿಸಿದರೆ ಅದೂ ಬಿಟ್ಟಿ. ಕಾಸು ಖರ್ಚಾಗುವುದು ಟೈಗೆ ಮಾತ್ರ.

ಮಾರನೇ ದಿನ ಗೇಟಿಗೆ ಹೋದೆ. ಸೆಕ್ಯೂರಿಟಿಯವರು ಕಾರ್ಡು ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಕಾರ್ಡು. ಗುರುತು ಸಿಗಲಿಲ್ಲವೇನೋ ಅಂತ ಮಚ್ಚೆಯಿದ್ದ ಕೆನ್ನೆಯನ್ನು ಬೆಳಕಿಗೆ ಹಿಡಿದೆ. ಅವರು ಮಾತಾಡದೆ ಎದೆಯ ಮೇಲಿದ್ದ ತಮ್ಮ ಕಾರ್ಡನ್ನು ತಿರುಗಿಸಿ ನನ್ನದರ ಪಕ್ಕ ಹಿಡಿದರು. ಅದೇ ಕೋಟು, ಎದ್ದ ಅದೇ ಕಾಲರು. ಟೈ ಮಾತ್ರ ನೀಲಿ.

“ಹತ್ತು ರೂಪಾಯಿ ಕೊಡಕ್ಕಾಗ್ಲಿಲ್ವಾ ಸಾರ್?”