ಸಂಧ್ಯಂತರ ಪ್ರಕಾಶಿಕೆ ಅಥವಾ ಮೊಣಕಾಲಿನ ಮೀಮಾಂಸೆ

ಕೂರುವಾಗ ‘ಅಯ್ಯೋ’ ಎಂದೂ ಏಳುವಾಗ ‘ಅಮ್ಮಾ’ ಎಂದೂ ನುಡಿಸುವ ಸಕಲ ಕೀಲುಗಳಿಗೆ ವಂದಿಸಿ ಈ ಶಾಸ್ತ್ರವನ್ನು ಆರಂಭಿಸುತ್ತೇವೆ.

ವಿಷಯ: ಸುಶ್ರುತಸಂಹಿತೆಯು 210 ಸಂಧಿಗಳನ್ನೆಣಿಸಿ ಎಂಟು ಜಾತಿಗೆ ಹಂಚಿದೆ. ದವಡೆಯದು ‘ವಾಯಸತುಂಡ’, ಅಂದರೆ ಕಾಗೆಕೊಕ್ಕು. ಪ್ರಮಾಣ ಬೇಕಾದವರು ಯಾವುದೇ ಮದುವೆಮನೆಗೆ ಹೋಗಬಹುದು. ಆಧುನಿಕರಿಗೆ ಮೂರೇ ಜಾತಿ. ತಲೆಬುರುಡೆಯ ನಾರುಕೀಲು ಕಾಯಂ ನೌಕರ, ಯಾರಿಗೂ ಅಲುಗಾಡದು. ಬೆನ್ನುಮೂಳೆಯ ಡಿಸ್ಕಿನದು ಮೃದ್ವಸ್ಥಿಯ ಕೀಲು, ಒತ್ತಾಯಕ್ಕೆ ತುಸು ಸರಿಯುತ್ತದೆ. ದುಡಿಮೆಯೆಲ್ಲ ದ್ರವಕೀಲುಗಳ ಪಾಲು. ಇವುಗಳಲ್ಲಿ ಕತ್ತಿನವೇ ಶ್ರೇಷ್ಠ: ಬುರುಡೆಗೂ ಮೊದಲ ಕಶೇರುವಿಗೂ ನಡುವಿನ ಕೀಲು ‘ಹೌದು’ ಎನ್ನುತ್ತದೆ, ಅದರ ಕೆಳಗಿನದು ‘ಇಲ್ಲ’ ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಆಡಿಸಿ ‘ನೋಡೋಣ’ ಎನ್ನುವುದು ನಮ್ಮವರ ಕೊಡುಗೆ.

ಸಂಶಯ: ಎಕ್ಸ್-ರೇ ಫಿಲಂನಲ್ಲಿ ಕೀಲು ಕಾಣುವುದೋ ಇಲ್ಲವೋ? ಎಕ್ಸ್-ರೇಯನ್ನು ಕಂಡುಹಿಡಿದ ರಾಂಟ್‌ಜೆನ್ 1895ರ ಡಿಸೆಂಬರ್ 22ರಂದು ತಮ್ಮ ಪತ್ನಿಯ ಕೈಯ ಎಕ್ಸ್-ರೇ ತೆಗೆದರು. ಮೂಳೆ ಕಂಡಿತು, ಉಂಗುರವೂ ಕಂಡಿತು. ಮೂಳೆಮೂಳೆಗಳ ನಡುವೆ ಮಾತ್ರ ಸಂದು.

ಪೂರ್ವಪಕ್ಷ: ಕೂಡುವುದೇ ಕೀಲಿನ ಲಕ್ಷಣವಾದರೆ, ‘ಗ್ಯಾಪ್ ಕಮ್ಮಿಯಾಗಿದೆ’ ಎಂದು ಡಾಕ್ಟರು ಮುಖ ಸಪ್ಪಗೆ ಮಾಡುವುದೇಕೆ? ಮೂಳೆಗಳು ಹತ್ತಿರವಾದದ್ದಕ್ಕೆ ಸಿಹಿ ಹಂಚಬೇಡವೇ?

ಸಿದ್ಧಾಂತ: ಬೇಡ. ಆ ಸಂದು ಖಾಲಿಯಲ್ಲ. ಅಲ್ಲಿರುವ ಮೃದ್ವಸ್ಥಿ ಎಕ್ಸ್-ರೇಗೆ ಕಾಣದು, ಅಷ್ಟೆ. ಅದು ಸವೆದಷ್ಟೂ ಗ್ಯಾಪ್ ಕಿರಿದಾಗುತ್ತದೆ. ಮಲಗಿದವರ ಮೊಣಕಾಲು ಈ ಸವೆತವನ್ನು ಮುಚ್ಚಿಡಬಲ್ಲದು. ಆದ್ದರಿಂದಲೇ ನಿಲ್ಲಿಸಿ, ಮೈಭಾರ ಹೊರಿಸಿ ಫಿಲಂ ತೆಗೆಯುವುದು. ಮೃದ್ವಸ್ಥಿಯನ್ನೂ ಅಸ್ಥಿರಜ್ಜುವನ್ನೂ ಎಂಆರ್‌ಐ ತೋರಿಸುತ್ತದೆ. ಆಡುತ್ತಿರುವ ಸ್ನಾಯುರಜ್ಜುವನ್ನು ಅಲ್ಟ್ರಾಸೌಂಡ್ ಹಿಡಿಯುತ್ತದೆ. ನೋವು ಮಾತ್ರ ಯಾವ ಯಂತ್ರಕ್ಕೂ ಸಿಕ್ಕದು. ಫಿಲಂ ಕೆಟ್ಟಿದ್ದರೂ ನಡೆದಾಡುವವರಿದ್ದಾರೆ, ಚೆನ್ನಾಗಿದ್ದರೂ ನರಳುವವರಿದ್ದಾರೆ.

ದೃಷ್ಟಾಂತ: ನೆಟಿಗೆ ಮುರಿದರೆ ಕೀಲು ಕೆಡುವುದೋ ಎಂದು ನೋಡಲು ಅಮೆರಿಕದ ವೈದ್ಯ ಡೊನಾಲ್ಡ್ ಉಂಗರ್ 50 ವರ್ಷಕ್ಕೂ ಹೆಚ್ಚು ಕಾಲ ಎಡಗೈ ಬೆರಳನ್ನಷ್ಟೇ ನೆಟಿಗೆ ಮುರಿದು, ಬಲಗೈಯನ್ನು ಹೋಲಿಕೆಗೆಂದು ಮೀಸಲಿಟ್ಟರು. ಎರಡೂ ಕೈಗೆ ಸಂಧಿವಾತ ಬರಲಿಲ್ಲ; 2009ರಲ್ಲಿ ‘ಇಗ್ ನೊಬೆಲ್’ ಎಂಬ ವಿನೋದದ ಪ್ರಶಸ್ತಿ ಬಂತು. ಲಟಿಕೆ ಮುರಿದು ಬೈಸಿಕೊಂಡ ಮೊಮ್ಮಕ್ಕಳೆಲ್ಲ ಇವರನ್ನು ಆಚಾರ್ಯರೆಂದು ಸ್ವೀಕರಿಸತಕ್ಕದ್ದು.

ಫಲಶ್ರುತಿ: ಇದನ್ನು ಓದಿದವರ ಮಂಡಿನೋವು ವಾಸಿಯಾಗದು. ಆದರೆ ಫಿಲಂ ಅನ್ನು ಟ್ಯೂಬ್‌ಲೈಟಿಗೆ ಹಿಡಿದು ‘ಏನೂ ಇಲ್ಲ ಬಿಡಿ ಭಾವ’ ಎನ್ನುವ ಭಾವಮೈದುನನಿಗೆ, ಆ ‘ಏನೂ ಇಲ್ಲ’ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಕೇಳುವ ಧೈರ್ಯ ನಿಶ್ಚಯವಾಗಿ ಲಭಿಸುತ್ತದೆ.