ತಮ್ಮ ಮನೆಯಲ್ಲಿ ಎಷ್ಟು ಹಾಸಿಗೆಗಳಿವೆ?

ಮನೆಯಲ್ಲೇ ಹೆರುತ್ತೇನೆ ಎಂದು ಅಣ್ಣನ ಮಗಳು ಪಟ್ಟು ಹಿಡಿದ ದಿನ ನಮ್ಮಲ್ಲಿ ಊಟ ತಡವಾಯಿತು. ಬೆಂಗಳೂರಿನ ಐಟಿ ಹುಡುಗಿ. ನೀರಿನ ತೊಟ್ಟಿಯಲ್ಲಿ ಹೆರುವ ವಿಡಿಯೊಗಳನ್ನೆಲ್ಲ ನೋಡಿ ಮುಗಿಸಿದ್ದಾಳೆ. ಅತ್ತಿಗೆ ಅತ್ತರು. ಅಣ್ಣ ಮಾತ್ರ ಅಳಲಿಲ್ಲ, 'ಇನ್ಶೂರೆನ್ಸ್‌ನವರು ಕೊಡ್ತಾರಾ ಕೇಳು' ಅಂದ. ರಿಟೈರಾಗಿ ಕೂತವನು ಮನೆಯಲ್ಲಿ ನಾನೊಬ್ಬನೇ ಆದ್ದರಿಂದ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಬೀರುವಿನಲ್ಲಿ, ಧಾರೆ ಸೀರೆಗೂ ಗ್ಯಾಸ್ ಪುಸ್ತಕಕ್ಕೂ ನಡುವೆ, ನುಸಿಗುಳಿಗೆಯ ವಾಸನೆ ಕುಡಿಯುತ್ತ ಆರೋಗ್ಯ ವಿಮಾ ಪಾಲಿಸಿ ಮಲಗಿತ್ತು. ಎಬ್ಬಿಸಿದೆ.

ನಾನು: ನಮಸ್ಕಾರ. ನಿದ್ದೆ ಕೆಡಿಸಿದೆನೋ ಏನೋ.

ಪಾಲಿಸಿ: ಛೆ ಛೆ, ನನ್ನದು ಕಾಯುವ ಕಸುಬು.

ನಾನು: ಕಾಪಾಡುವುದು ಅಂತಲೇ?

ಪಾಲಿಸಿ: ಕಾಯಿಸುವುದು ಅಂತ. 'ಕಾಯುವ ಅವಧಿ' ಎಂದು ಎಂಟನೇ ಪುಟದಲ್ಲಿದೆ. ತಾವು ಓದಿಲ್ಲ. ಯಾರೂ ಓದುವುದಿಲ್ಲ, ಬೇಜಾರಿಲ್ಲ.

ನಾನು: ನಮ್ಮ ಹುಡುಗಿ ಮನೆಯಲ್ಲೇ ಹೆರಬೇಕು ಅಂತಿದ್ದಾಳೆ. ಖರ್ಚು ಕೊಡುತ್ತೀರಾ?

ಪಾಲಿಸಿ: ತಮ್ಮ ಮನೆಯಲ್ಲಿ ಎಷ್ಟು ಹಾಸಿಗೆಗಳಿವೆ?

ನಾನು: ನಾಲ್ಕು. ಮಗನ ಮದುವೆಯಲ್ಲಿ ಮೂವತ್ತು ಹಾಸಿದ್ದೆವು.

ಪಾಲಿಸಿ: ಬಾಡಿಗೆಯವು ಲೆಕ್ಕಕ್ಕಿಲ್ಲ. ಆಸ್ಪತ್ರೆ ಅಂದರೆ ನೋಂದಣಿ ಇರಬೇಕು. ಅದಿಲ್ಲದಿದ್ದರೆ ಹತ್ತು ಲಕ್ಷಕ್ಕಿಂತ ಕಡಿಮೆ ಜನರ ಊರಿನಲ್ಲಿ 10 ಹಾಸಿಗೆ, ಬೆಂಗಳೂರಿನಂಥ ಕಡೆ 15. ಹಗಲೂ ರಾತ್ರಿ ನರ್ಸು, ಸ್ವಂತ ಆಪರೇಷನ್ ಥಿಯೇಟರು. ಅಂಥಲ್ಲಿ 24 ಗಂಟೆ ಮಲಗಿದವರಿಗೆ ನಾನು.

ನಾನು: ಮನೆಯಲ್ಲಿ ಚಿಕಿತ್ಸೆಯಾದರೂ ಕೊಡುವ ಕಲಮು ಒಂದಿದೆಯಲ್ಲ?

ಪಾಲಿಸಿ: ಇದೆ. ರೋಗಿಯನ್ನು ಅಲುಗಾಡಿಸುವಂತಿರಬಾರದು, ಇಲ್ಲವೇ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿರಬಾರದು. ಮೂರು ದಿನ ಮೀರಬೇಕು. ಎಲ್ಲಕ್ಕಿಂತ ಮೊದಲು ಅದು ಕಾಯಿಲೆಯಾಗಿರಬೇಕು. ಹೆರಿಗೆ ಕಾಯಿಲೆಯಲ್ಲ.

ನಾನು: ಅಯ್ಯೋ, ಅವಳೂ ಅದನ್ನೇ ಹೇಳುತ್ತಿರುವುದು!

ಪಾಲಿಸಿ: ಜಾಣೆ. ಕಾಯಿಲೆಯಲ್ಲ, ಆದ್ದರಿಂದ ಆಸ್ಪತ್ರೆ ಬೇಡ ಅನ್ನುತ್ತಾಳೆ. ಕಾಯಿಲೆಯಲ್ಲ, ಆದ್ದರಿಂದ ದುಡ್ಡಿಲ್ಲ ಅನ್ನುತ್ತೇನೆ. ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವೇ ಇಲ್ಲ.

ನಾನು: ಆಸ್ಪತ್ರೆಗೇ ಹೋಗಿ ಹೊಟ್ಟೆ ಕುಯ್ಯಿಸಿಕೊಂಡರೆ?

ಪಾಲಿಸಿ: ಹೊರಗಿಟ್ಟವುಗಳ ಪಟ್ಟಿಯಲ್ಲಿ 18ನೆಯದು ನೋಡಿ. ಸಹಜ, ಕಷ್ಟದ್ದು, ಸಿಸೇರಿಯನ್, ಎಲ್ಲ ಹೊರಗೆ. ಬಸಿರು ಗರ್ಭಕೋಶ ಬಿಟ್ಟು ನಾಳದಲ್ಲಿ ನಿಂತರೆ ಮಾತ್ರ ಒಳಗೆ. ಹೆರಿಗೆ ಸೌಲಭ್ಯವನ್ನು ಬೇರೆ ದುಡ್ಡು ಕೊಟ್ಟು ಸೇರಿಸಿಕೊಂಡಿದ್ದರೂ ಎರಡರಿಂದ ನಾಲ್ಕು ವರ್ಷ ಕಾಯಬೇಕಾಗಬಹುದು.

ನಾನು: ಆನೆ ಕೂಡ 22 ತಿಂಗಳಿಗೆ ಹೆರುತ್ತದೆ ಸ್ವಾಮಿ.

ಪಾಲಿಸಿ: ಜಾನುವಾರು ವಿಮೆ ಬೇರೆ ಕೌಂಟರು.

(ಅವಳ ಕಂಪನಿಯ ಗುಂಪು ವಿಮೆ ಸ್ವಲ್ಪ ಮೃದು. ಅಂಥ ಎಷ್ಟೋ ಪಾಲಿಸಿಗಳಲ್ಲಿ ಕೆಲಸಕ್ಕೆ ಸೇರಿದ ದಿನದಿಂದಲೇ ಹೆರಿಗೆ ಸೇರುತ್ತದೆ. ಆದರೆ ಅದಕ್ಕೊಂದು ಮಿತಿ, ಆ ಮಿತಿಗೂ ಆಸ್ಪತ್ರೆಯ ಬಿಲ್ಲಿಗೂ ಅಜಗಜಾಂತರ. ಮನೆಗೆ ಬರುವ ಸೂಲಗಿತ್ತಿಯ ಫೀಸಿಗೆ ಅಲ್ಲೂ ಕಾಲಂ ಇಲ್ಲ.)

ನಾನು: ಮನೆಯಲ್ಲಿ ಶುರುವಾಗಿ, ಮಗು ಸಿಕ್ಕಿಕೊಂಡು, ನಡುರಾತ್ರಿ ಆಸ್ಪತ್ರೆಗೆ ಓಡಬೇಕಾದರೆ?

ಪಾಲಿಸಿ: ಹೆರಿಗೆ ಸೌಲಭ್ಯ ಸೇರಿಸಿಕೊಂಡಿದ್ದು, ಕ್ಯಾಶ್‌ಲೆಸ್ ಬೇಕಾದರೆ 48 ಗಂಟೆ ಮುಂಚೆ ತಿಳಿಸಿ.

ನಾನು: ನೋವು 48 ಗಂಟೆ ಮುಂಚೆ ನೋಟಿಸ್ ಕೊಡುತ್ತದೆಯೇ?

ಪಾಲಿಸಿ: ತುರ್ತಾದರೆ ಸೇರಿಸಿದ 24 ಗಂಟೆಯೊಳಗೆ ತಿಳಿಸಿದರಾಯಿತು. ನಮ್ಮ ಪಟ್ಟಿಯ ಆಸ್ಪತ್ರೆಗೇ ಓಡಿ. ಹತ್ತಿರದ್ದಕ್ಕೆ ಓಡಿದರೆ ಮೊದಲು ಕಟ್ಟಿ, ಆಮೇಲೆ ಕೇಳಬೇಕಾದೀತು. ಗ್ಲೌಸು, ಡೈಪರು, ಬೇಬಿ ಫುಡ್ಡು ಮಾತ್ರ ಕೇಳಬೇಡಿ.

ನಾನು: ಹಾಗಾದರೆ ಮನೆಯಲ್ಲಿ ಹೆರುವವರು ಎರಡು ಗಂಟು ಕಟ್ಟಿಡಬೇಕು. ಹೆರುವುದಕ್ಕೊಂದು, ಓಡುವುದಕ್ಕೊಂದು.

ಪಾಲಿಸಿ: ಎರಡನೆಯದು ದೊಡ್ಡದಿರಲಿ. ರಕ್ತ ಹರಿಯತೊಡಗಿದರೆ ನನ್ನ ಪುಟ ತಿರುವಿ ಹಾಕುವಷ್ಟು ಹೊತ್ತೂ ಇರುವುದಿಲ್ಲ.

ಪಾಲಿಸಿ ಆಡಿದ ಮನುಷ್ಯರ ಮಾತು ಇದೊಂದೇ. ಆಸ್ಪತ್ರೆಗೆ ಹೋದರೆ ಹೊಟ್ಟೆ ಕುಯ್ಯುತ್ತಾರೆಂಬ ಹುಡುಗಿಯ ಭಯವೂ ಬರೀ ಹಟವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 47.4 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3. ಕತ್ತರಿಗೆ ಹೆದರಿ ಮನೆ ಹಿಡಿಯುವವರಿಗೆ ನಡುವೆ ಸರ್ಕಾರಿ ಆಸ್ಪತ್ರೆ ಎಂಬುದೊಂದು ಇದೆ ಎಂದು ನೆನಪಾಗದಿರುವುದು ನಮ್ಮ ಮಧ್ಯಮವರ್ಗದ ವಿಶೇಷ.

ನಾನು: 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲವೂ ಉಚಿತ. ನಿಮಗೆ ಹೊಟ್ಟೆಕಿಚ್ಚಿಲ್ಲವೇ?

ಪಾಲಿಸಿ: ಸರ್ಕಾರಿ ಆಸ್ಪತ್ರೆಯ ತಾಯಿ ಕಾರ್ಡು ಎಂಬ ಬಡ ನೆಂಟಳ ಮಾತೋ? ಅವಳಿಗೆ ಷರತ್ತು ಹಾಕುವ ಶಿಸ್ತೇ ಇಲ್ಲ. ಮನೆಯಲ್ಲಿ ಹೆತ್ತ ಬಿಪಿಎಲ್ ಬಾಣಂತಿಗೂ ಜನನಿ ಸುರಕ್ಷಾ ಯೋಜನೆಯಲ್ಲಿ 500 ರೂಪಾಯಿ ಇಟ್ಟಿದ್ದಾರೆ! ಆಶಾ ಕಾರ್ಯಕರ್ತೆ ಆಸ್ಪತ್ರೆಗೆ ಬಾ ಎಂದು ಬೆನ್ನು ಹತ್ತುವುದು ಒಂದು ಕಡೆ, ಬರದಿದ್ದರೂ ದುಡ್ಡು ಇನ್ನೊಂದು ಕಡೆ.

ನಾನು: ಪಾವಗಡದ ಕಡೆ ಸೂಲಗಿತ್ತಿ ನರಸಮ್ಮ ಅಂತ ಇದ್ದರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ, ಒಂದು ಕಾಸೂ ಮುಟ್ಟದೆ. 2018ರಲ್ಲಿ ಪದ್ಮಶ್ರೀ ಬಂತು.

ಪಾಲಿಸಿ: ನಮ್ಮ ನೆಟ್‌ವರ್ಕಿನಲ್ಲಿಲ್ಲ.

ನಾನು: ನೆದರ್ಲೆಂಡ್ಸಿನಲ್ಲಿ ಮೂಲ ವಿಮೆಯೇ ಮನೆ ಹೆರಿಗೆಯ ಸೂಲಗಿತ್ತಿಗೆ ಕೊಡುತ್ತದೆ. ವೈದ್ಯಕೀಯ ಕಾರಣವಿಲ್ಲದೆ ಆಸ್ಪತ್ರೆಯಲ್ಲಿ ಹೆರುತ್ತೇನೆ ಅಂದವರು ಕೈಯಿಂದ ಸ್ವಲ್ಪ ಹಾಕಬೇಕು.

ಪಾಲಿಸಿ: (ಬೆವರುತ್ತ) ಅದು ಸಮುದ್ರಕ್ಕಿಂತ ತಗ್ಗಿನ ದೇಶ. ಅಲ್ಲಿ ಎಲ್ಲ ತಲೆಕೆಳಗು.

ನಾನು: ಇರಲಿ. ಮನೆಯಲ್ಲೇ ಹುಟ್ಟಿತು ಅನ್ನಿ. 21 ದಿನದೊಳಗೆ ಮನೆ ಯಜಮಾನ ಜನನ ನೋಂದಾಯಿಸಿದ, ಸರ್ಕಾರವೂ ಒಪ್ಪಿತು. ನಿಮ್ಮ ಲೆಕ್ಕದಲ್ಲಿ?

ಪಾಲಿಸಿ: ಹೆರಿಗೆ ಸೌಲಭ್ಯವಿಲ್ಲದ ನನ್ನಂಥವರ ಕಣ್ಣಿಗೆ ಮಗು ಬೀಳಬೇಕಾದರೆ 90 ದಿನವಾಗಬೇಕು. ಅಲ್ಲಿಯವರೆಗೆ ಅದು ಹುಟ್ಟಿದೆ ಎಂಬುದು ತಮ್ಮ ವೈಯಕ್ತಿಕ ಅಭಿಪ್ರಾಯ.

ನಾನು: ನಮ್ಮ ಅಜ್ಜಿ ಏಳು ಹೆತ್ತಳು, ಏಳೂ ನಡುಮನೆಯ ಕತ್ತಲಲ್ಲಿ. ಒಂದೊಂದಕ್ಕೂ ಸೂಲಗಿತ್ತಿಗೆ ಮೊರದಲ್ಲಿ ಅಕ್ಕಿ, ಬೆಲ್ಲ, ಎಲೆಅಡಿಕೆ, ಒಂದು ರವಿಕೆ ಕಣ.

ಪಾಲಿಸಿ: ರಸೀದಿ ಇದೆಯೇ?

ನಾನು: ಇಲ್ಲ. ಏಳರಲ್ಲಿ ಉಳಿದದ್ದು ಐದು.

ಪಾಲಿಸಿ: ಉಳಿದೆರಡಕ್ಕೆ 90 ದಿನ ತುಂಬಿತ್ತೇ?

ನಾನು: ಒಂದಕ್ಕೆ ಹನ್ನೊಂದು. ಇನ್ನೊಂದು ಅಳಲೇ ಇಲ್ಲವಂತೆ.

ಪಾಲಿಸಿ ಏನೋ ಹೇಳಲು ಬಾಯಿ ತೆರೆಯಿತು. ಷರತ್ತೇ ಇರಬೇಕು. ಅಣ್ಣನ ಮಗಳು ಬಂದು ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. 'ಚಿಕ್ಕಪ್ಪ, ಆ ಸರ್ಕಾರಿ ವಾಣಿವಿಲಾಸ ಆಸ್ಪತ್ರೆ ಇಲ್ಲಿಂದ ಎಷ್ಟು ದೂರ?' ಅಂದಳು. ರಾತ್ರಿ ಹೊತ್ತಾದರೆ ಇಪ್ಪತ್ತು ನಿಮಿಷ, ಹಗಲಾದರೆ ದೇವರೇ ಗತಿ ಅಂದೆ. ಪಾಲಿಸಿಯನ್ನು ಮಡಿಸಿ ಧಾರೆ ಸೀರೆಯ ಕೆಳಗಿಟ್ಟೆ. ಮುಂದಿನ ಕಂತಿನ ತಾರೀಖು ಮಾತ್ರ ಅದು ಒಳಗಿನಿಂದಲೇ ಕೂಗಿ ಹೇಳಿತು.