ಸೋದರತ್ತೆಯ ಬ್ರೇಕು

ನನ್ನಲ್ಲಿರುವುದು ಸ್ಪೋರ್ಟ್ಸ್ ಕಾರು ಎಂದು ಹೇಳಿದಾಗಲೆಲ್ಲ ಚನ್ನರಾಯಪಟ್ಟಣದ ಮಿತ್ರರು ಮೀಸೆಯಡಿಯಲ್ಲಿ ನಗುವರು. ಹಿತ್ತಿಲ ತೆಂಗಿನ ಮರಗಳ ಕೆಳಗೆ, ತಗಡಿನ ಮಾಡಿನಡಿಯಲ್ಲಿ, ಕೋಳಿಗಳ ಸತ್ಸಂಗದಲ್ಲಿ ನಿಂತಿರುವುದು ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್; 948 ಸಿ.ಸಿ. ಎಂಜಿನ್ನಿನ, ಎರಡೇ ಬಾಗಿಲಿನ, ಸಾಧುಸ್ವಭಾವದ ಗಾಡಿ. ಆದರೆ ವಂಶವೃಕ್ಷವನ್ನು ಬಲ್ಲವರು ಹೀಗೆ ನಗಲಾರರು. ಇಟಲಿಯ ಮಿಚೆಲೊಟ್ಟಿಯ ಕಲ್ಪನೆಯಲ್ಲಿ ರೂಪುಗೊಂಡ ಟ್ರಯಂಫ್ ಹೆರಾಲ್ಡ್ 1959ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, 1961ರಲ್ಲಿ ಮದರಾಸಿಗೆ ದತ್ತು ಬಂದಿತು. ಮರುವರ್ಷವೇ, ಅದರ ಚಾಸಿಯನ್ನು ಮೋಟುಗೊಳಿಸಿದ ಅಡಿಪಾಯದ ಮೇಲೆ, ಅದೇ ಮಿಚೆಲೊಟ್ಟಿಯ ಕೈಯಿಂದ ಸ್ಪಿಟ್‌ಫೈರ್ ಎಂಬ ಅಪ್ಪಟ ಸ್ಪೋರ್ಟ್ಸ್ ಕಾರು ಅವತರಿಸಿತು. ಗೋತ್ರ ಒಂದೇ, ತಂಗಿ ನರ್ತಕಿಯಾದರೆ ಅಕ್ಕನಿಗೆ ಗೆಜ್ಜೆಯ ಮೇಲೆ ಅಷ್ಟಿಷ್ಟಾದರೂ ಹಕ್ಕು ಬೇಡವೆ? ತಂಗಿಗೆ ಹುಟ್ಟುವಾಗಲೇ ಮುಂಗಾಲುಗಳಿಗೆ ಡಿಸ್ಕ್ ಬ್ರೇಕಿನ ಆಭರಣವಿತ್ತು. ನಮ್ಮ ಅಕ್ಕನ ನಾಲ್ಕು ಕಾಲಿಗೂ ಡ್ರಮ್ಮೇ ಗತಿಯಾಗಿತ್ತು.

ಡ್ರಮ್ಮನ್ನು ನಾನು ದೂಷಿಸಲಾರೆ. ತಪ್ಪು ಅದರದಲ್ಲ, ಅದರ ಮೇಲೆ ಹಾದುಹೋದ ಅರವತ್ತು ವರ್ಷಗಳದು ಮತ್ತು ನನ್ನ ಜಿಪುಣತನದ್ದು. ಡ್ರಮ್ಮಿನೊಳಗೆ ಎರಡು ಶೂಗಳು ಅಗಲಗೊಂಡು ಅದರ ಒಳಮೈಯನ್ನು ಉಜ್ಜುವುವು, ಉಜ್ಜಿದಷ್ಟೂ ಬಿಸಿ, ಬಿಸಿಯೇರಿದಷ್ಟೂ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುವುದು, ಲೈನರಿನ ಹಿಡಿತವೂ ಸಡಿಲುವುದು. ಅಗತ್ಯ ಹೆಚ್ಚಿದಂತೆಲ್ಲ ದೂರವಾಗುವ ನೆಂಟರನ್ನು ಕಂಡವರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲದ್ದಕ್ಕೆ ಎಡಗಡೆಯ ಬ್ರೇಕು ಒಂದು ಮನಸ್ಸಿನದು, ಬಲಗಡೆಯದು ಇನ್ನೊಂದು ಮನಸ್ಸಿನದು. ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಯ ಒಂದು ಪಾರ್ಶ್ವವನ್ನು ಬೈಚೋಜನೂ ಇನ್ನೊಂದನ್ನು ಮಲ್ಲಿತಮ್ಮನೂ ಕಡೆದರಂತೆ. ಎರಡು ಕೈಗಳ ಭೇದ ಅಲ್ಲಿ ಕಲೆಯಾಯಿತು. ನನ್ನ ಕಾರಿನಲ್ಲಾದರೋ ಅದು ಪೆಡಲ್ ಒತ್ತಿದೊಡನೆ ಎಡಗಡೆಯ ಚರಂಡಿಯತ್ತ ಎಳೆಯುವ ಪ್ರವೃತ್ತಿಯಾಯಿತು.

ಆ ನುಗ್ಗೇಹಳ್ಳಿಗೇ ಪ್ರತಿ ಶನಿವಾರ ನನ್ನ ಸೋದರತ್ತೆಯ ಸವಾರಿ. ಹಿಂದೆ ಕುಳಿತರೆ ತಲೆ ಸುತ್ತುವುದೆಂಬ ಕಾರಣದಿಂದ ಮುಂದಿನ ಆಸನವು ಅವರಿಗೆ ಮೀಸಲು. ಮಡಿಲಲ್ಲಿ ಹಣ್ಣುಕಾಯಿಯ ಬುಟ್ಟಿ, ತುಟಿಯಲ್ಲಿ ನರಸಿಂಹನ ನಾಮ, ಮತ್ತು ಎಮ್ಮೆಯೊಂದು ಫರ್ಲಾಂಗು ದೂರದಲ್ಲಿ ಕಂಡೊಡನೆ ನೆಲದ ರಬ್ಬರು ಮ್ಯಾಟನ್ನು ಬಲಗಾಲಿನಿಂದ ಒತ್ತಿ ಹಿಡಿಯುವ ವ್ರತ. ವರ್ಷಾನುಗಟ್ಟಲೆಯ ಈ ಸಾಧನೆಯಿಂದ ಅವರ ಹಿಮ್ಮಡಿಯ ಅಡಿಯಲ್ಲಿ ಮ್ಯಾಟು ಸವೆದು, ಒಂದು ನಿಂಬೆಹಣ್ಣು ಕೂರುವಷ್ಟು ಕುಳಿ ಬಿದ್ದಿತ್ತು.

ಸುಗ್ಗಿಯ ಕಾಲದ ಒಂದು ಶನಿವಾರ, ವಾಹನಗಳೇ ಪುಕ್ಕಟೆಯಾಗಿ ಒಕ್ಕಣೆ ಮಾಡಲೆಂದು ರೈತರು ಡಾಂಬರಿನ ಮೇಲೆ ಹಾಸಿದ್ದ ಹುರುಳಿಯ ಮೆದೆಯೊಳಗೆ ನನ್ನ ರಥವು ಬ್ರೇಕು ಹಿಡಿದುಕೊಂಡೇ ಜಾರುತ್ತ ಹೋಗಿ, ಕಣದ ಆಚೆಯ ತುದಿಯಲ್ಲಿ ಅಡ್ಡಡ್ಡಲಾಗಿ ನಿಂತಿತು. "ಚೆನ್ನಾಗಿ ಒಕ್ಕಿದ್ರಿ, ಸ್ವಾಮಿ," ಎಂದು ಮರದಡಿಯಲ್ಲಿದ್ದ ಗೌಡರು ಕೃತಜ್ಞತೆ ಸೂಚಿಸಿದರು. ಅತ್ತೆ ಕಣ್ಣು ತೆರೆದು, "ನಾನು ಒತ್ತಿದ್ದರಿಂದ ಉಳಿದೆವು," ಎಂದರು.

ಮರುದಿನವೇ ಮೆಕ್ಯಾನಿಕ್ಕನ ಷೆಡ್ಡಿಗೆ ಹೋದೆ. ಮಾರುತಿ 800ರ ಮುಂಚಕ್ರದ ಡಿಸ್ಕು, ಕ್ಯಾಲಿಪರುಗಳನ್ನು ಗುಜರಿಯಿಂದ ತಂದು ಕೂರಿಸಬಹುದೆಂದು ಆತ ಅಭಿಪ್ರಾಯಪಟ್ಟ. ಆ ಕಾರಿನ ಚಕ್ರ 12 ಅಂಗುಲದ್ದು, ನನ್ನದು 13 ಅಂಗುಲದ್ದಾದ್ದರಿಂದ ಒಳಗೆ ಇಕ್ಕಟ್ಟಾಗದು. ಹಿಡಿದು ನಿಲ್ಲಿಸುವ ಬ್ರ್ಯಾಕೆಟ್ಟುಗಳನ್ನು ಮಾತ್ರ ಹಾಸನದ ಲೇತಿನಲ್ಲಿ ಕಡೆಸಬೇಕು. ಜೊತೆಗೆ ಹೆಚ್ಚು ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರು, ಕಾಲಿನ ಶ್ರಮ ತಗ್ಗಿಸುವ ಬೂಸ್ಟರು. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹಿಂದಿನ ಡ್ರಮ್ಮುಗಳು ಹಾಗೆಯೇ ಇರಬಹುದು. ಯಾರ ಬ್ರೇಕೆಂದು ಅತ್ತೆ ವಿಚಾರಿಸಿದರು. ಮಾರುತಿಯದೆಂದೆ. "ಹಾಗಾದರೆ ಹಾಕಿಸು, ಆಂಜನೇಯ ಕೈಬಿಡೋಲ್ಲ," ಎಂದು ಅನುಗ್ರಹಿಸಿದರು.

ಕೆಲಸ ಸಾಗುವಾಗ ನಾನು ಸುಮ್ಮನಿರಲಾರದೆ, ಡಿಸ್ಕ್ ಬ್ರೇಕಿಗೆ ಲ್ಯಾಂಚೆಸ್ಟರನು 1902ರಲ್ಲೇ ಪೇಟೆಂಟು ಪಡೆದುದನ್ನೂ, 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯದಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಕಾಲ ಓಡಿದ ಜಾಗ್ವಾರ್ ಕಾರು ಗಾಳಿಗೊಡ್ಡಿದ ಈ ಬಿಲ್ಲೆಗಳ ಬಲದಿಂದ ಗೆದ್ದುದನ್ನೂ, ಅಂದರೆ ಬೇಗ ನಿಲ್ಲಬಲ್ಲವನೇ ತಡವಾಗಿ ಬ್ರೇಕು ಹಿಡಿದು ಮುಂದಾಗುವನೆಂಬ ಸೋಜಿಗವನ್ನೂ ಸವಿಸ್ತಾರವಾಗಿ ನಿರೂಪಿಸಿದೆ. ಕಾರಿನಡಿಯಿಂದ ಧ್ವನಿ ಬಂದಿತು: "ಅದೆಲ್ಲಾ ಸರಿ ಸಾರ್, ಪೆಡಲ್ ಒತ್ತಿ."

ಆಯಿಲ್ ಪೈಪಿನಿಂದ ಗಾಳಿ ತೆಗೆಯುವ ಕಾರ್ಯವದು. ದ್ರವವನ್ನು ಅದುಮಲಾಗದು, ಗಾಳಿಯನ್ನು ಅದುಮಬಹುದು. ಗುಳ್ಳೆಯೊಂದು ಉಳಿದರೂ ಕಾಲಿನ ಬಲವೆಲ್ಲ ಅದರ ಪಾಲು. "ಪಂಪ್ ಹೊಡೀರಿ… ಹಿಡ್ಕೊಳ್ಳಿ… ಬಿಡಿ." ಪೂರಕ, ಕುಂಭಕ, ರೇಚಕ. ಸೀಸೆಯೊಳಗಿನ ಸಣ್ಣ ಕೊಳವೆಯಲ್ಲಿ ಗುಳ್ಳೆಗಳು ಬುಳುಬುಳು ಎಂದು ಹೊರಟು, ಕೊನೆಗೆ ಎಣ್ಣೆ ಮಾತ್ರ ಎಳೆಯಾಗಿ ಹರಿಯುವವರೆಗೆ, ಮುಂಜಾನೆಯೆಲ್ಲ ನಾನು ಪ್ರಾಣಾಯಾಮ ಮಾಡಿದೆ. ವಾಯುಪುತ್ರನ ಬ್ರೇಕಿನಲ್ಲಿ ವಾಯುವಿಗೇ ಪ್ರವೇಶವಿಲ್ಲದಿರುವುದು ವಿಧಿಯ ವಿನೋದವೇ ಸರಿ. ಕೈ ಒರೆಸಿಕೊಳ್ಳುತ್ತ ಮೆಕ್ಯಾನಿಕ್ಕನು ಎಡಗಡೆಯ ಮ್ಯಾಟಿನ ಕುಳಿಯನ್ನು ದೀರ್ಘಕಾಲ ನಿಟ್ಟಿಸಿ, "ಈ ಕಡೆಗೂ ಒಂದು ಪೆಡಲ್ ಇತ್ತಾ ಸಾರ್?" ಎಂದು ಕೇಳಿದ. ನಾನು ಉತ್ತರಿಸದೆ ಹೊಸ ಮ್ಯಾಟು ಹಾಕಿಸಿದೆ.

ಶನಿವಾರ ಬಂದಿತು. ಮೊದಲೆಲ್ಲ ನಮ್ಮ ಮನೆಯೆದುರು ನಿಲ್ಲಬೇಕಾದರೆ ಮೂರು ಮನೆ ಹಿಂದೆಯೇ ಬ್ರೇಕು ತುಳಿಯಬೇಕಿತ್ತು. ಆದರೂ ಕಾರು ಮುಂದಿನ ಮನೆಯ ರಂಗವಲ್ಲಿಯ ಮೇಲೆ ನಿಂತು, ಆ ಮನೆಯವರು ಕಾಫಿಗೆ ಕರೆಯುವ ಸಂಪ್ರದಾಯ ಬೆಳೆದಿತ್ತು. ಅಂದು ಗುಡಿಯಿಂದ ಹಿಂತಿರುಗಿ, ಹಳೆಯ ರೂಢಿಯಂತೆ ಮೂರು ಮನೆ ಹಿಂದೆ ಪೆಡಲನ್ನು ಒತ್ತಿದೆ. ಕಾರು ಅಲ್ಲೇ, ಆ ಕ್ಷಣವೇ, ನೆಟ್ಟ ಗೂಟದಂತೆ ನಿಂತಿತು. ಬುಟ್ಟಿಯ ಬಾಳೆಹಣ್ಣು ಗಾಜಿಗೆ ಬಡಿಯಿತು. ತೆಂಗಿನ ಹೋಳು ನನ್ನ ಕಾಲ ಬಳಿ ಉರುಳಿತು. ಅತ್ತೆ ಸೆರಗು ಸರಿಪಡಿಸಿಕೊಂಡು, "ಏನೋ ಇದು, ಹೇಳದೆ ಕೇಳದೆ ನಿಲ್ಲೋದು? ನಾನಿನ್ನೂ ಒತ್ತೇ ಇರಲಿಲ್ಲ!" ಎಂದು ಗದರಿದರು.

ಈಗ ಕಾರು ನಮ್ಮ ಬಾಗಿಲಲ್ಲೇ ನಿಲ್ಲುವುದು. ಪಕ್ಕದ ಮನೆಯ ಕಾಫಿ ತಪ್ಪಿಹೋಯಿತು. ಮೊನ್ನೆ ಕಸ ಗುಡಿಸುವಾಗ ಹೊಸ ಮ್ಯಾಟನ್ನು ಎತ್ತಿ ಬೆಳಕಿಗೆ ಹಿಡಿದೆ. ಕುಳಿ ಶುರುವಾಗಿದೆ, ಸದ್ಯಕ್ಕೆ ಅದರಲ್ಲಿ ಹುರುಳಿಕಾಳೊಂದು ಕೂರಬಹುದು.